ನಲವತ್ತರ ವೇಗದ ಜೀಪು ಪರದೆಯ ಮೇಲೆ ಯಾಕೆ ತೆವಳುತ್ತದೆ?

ಪ್ರಶ್ನೆ: ನಾವು ಕಾಸರಗೋಡಿನ ಪೆರ್ಲದ ಕಡೆಯ ಮೂವರು ಗೆಳೆಯರು. ಹಳೆಯ ವಾಹನಗಳ ಬಗ್ಗೆ ಕನ್ನಡದಲ್ಲಿ ವೀಡಿಯೊ ಮಾಡುತ್ತೇವೆ. ಬಿಬಿಸಿಯ ‘ಟಾಪ್ ಗೇರ್’ ನೋಡಿ ಈ ಹುಚ್ಚು ಹತ್ತಿದ್ದು. ಅದರಲ್ಲಿ ಮಾಮೂಲಿ ಕಾರು ಮಾಮೂಲಿ ರಸ್ತೆಯಲ್ಲಿ ಹೋದರೂ ಮೈ ಜುಮ್ಮೆನ್ನುತ್ತದೆ. ನಾವು ಮನೆಯ ಹಳೆ ಡೀಸೆಲ್ ಜೀಪನ್ನು ಪೊಸಡಿ ಗುಂಪೆ ಗುಡ್ಡೆಯ ದಾರಿಯಲ್ಲಿ ಓಡಿಸಿ, ಫೋನಿನಲ್ಲೂ ಡ್ರೋನಿನಲ್ಲೂ 4ಕೆಯಲ್ಲಿ ಶೂಟ್ ಮಾಡಿದೆವು. ಜೀಪು 40ರಲ್ಲಿ ಹೋಗುತ್ತಿದ್ದರೂ ವೀಡಿಯೊದಲ್ಲಿ ತೆವಳಿದ ಹಾಗೆ ಕಾಣುತ್ತದೆ, ಆಕಾಶ ಪೂರ್ತಿ ಬಿಳಿ. ಒಂದು ಸಿನಿಮಾ ಹಾಡು ಹಾಕಿದ್ದಕ್ಕೆ ಹಕ್ಕುಸ್ವಾಮ್ಯದ ತಕರಾರು ಬಂತು. ಅವರಲ್ಲಿ ಇರುವುದು, ನಮ್ಮಲ್ಲಿ ಇಲ್ಲದ್ದು ಏನು? ಕೈಯಲ್ಲಿ 40,000 ರೂಪಾಯಿ ಇದೆ, ಒಳ್ಳೆಯ ಕ್ಯಾಮೆರಾಕ್ಕೆ ಹಾಕಬಹುದೇ? ಮುಂದೆ ಬೇಕಲ ಕೋಟೆಗೆ ಹೋಗುವ ಆಲೋಚನೆಯೂ ಇದೆ. ವೀಡಿಯೊವನ್ನೂ ಕತ್ತರಿಸದ ಫೂಟೇಜನ್ನೂ ಕಳಿಸಿದ್ದೇವೆ, ನೋಡಿ ಹೇಳಿ.

ಉತ್ತರ: ನಿಮ್ಮ ವೀಡಿಯೊವನ್ನು ಮೊದಲು ಸದ್ದು ಮುಚ್ಚಿ ನೋಡಿದೆ, ಆಮೇಲೆ ಸದ್ದಿನ ಜೊತೆ. ಜೀಪು ಚೆನ್ನಾಗಿದೆ, ದಾರಿ ಅದಕ್ಕಿಂತ ಚೆನ್ನಾಗಿದೆ, ಓಡಿಸಿದವರ ಕೈಯೂ ಹದವಾಗಿದೆ. ಪರದೆಯ ಮೇಲಿನ ವೇಗ ಎಂಜಿನ್ನಿನಿಂದ ಬರುವುದಿಲ್ಲ, ಅದನ್ನು ನಾವು ಕೂತು ಕಟ್ಟಬೇಕು. ಲೆನ್ಸಿನ ಹತ್ತಿರದಿಂದ ಏನು ಹಾದುಹೋಯಿತು, ಒಂದು ಶಾಟನ್ನು ಎಲ್ಲಿ ಕತ್ತರಿಸಿ ಇನ್ನೊಂದನ್ನು ಎಲ್ಲಿಂದ ಶುರು ಮಾಡಿದಿರಿ, ಯಾವ ಸದ್ದನ್ನು ಯಾವಾಗ ನಿಲ್ಲಿಸಿದಿರಿ ಎಂಬುದರ ಮೇಲೆ ಅದು ನಿಂತಿದೆ. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಈಗಲೇ ಹೇಳುತ್ತೇನೆ: ಹೊಸ ಕ್ಯಾಮೆರಾ ಸದ್ಯ ಬೇಡ.

ಟಾಪ್ ಗೇರ್ 1977ರಲ್ಲಿ ಶುರುವಾದಾಗ ಕಾರು ಕೊಳ್ಳುವವರಿಗೆ ಮಾಹಿತಿ ಕೊಡುವ ಕಾರ್ಯಕ್ರಮವಾಗಿತ್ತು. 2002ರಲ್ಲಿ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಮತ್ತು ನಿರ್ಮಾಪಕ ಆಂಡಿ ವಿಲ್ಮನ್ ಅದನ್ನು ಹೊಸದಾಗಿ ರೂಪಿಸಿದ ಮೇಲೆ ಒಂದೊಂದು ಕಾರಿನ ಪರೀಕ್ಷೆಯೂ ಒಂದು ಕಿರುಚಿತ್ರವಾಯಿತು. ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎನ್ನುವುದು ಹಿಂದೆ ಸರಿದು, ಸ್ಟಿಯರಿಂಗ್ ಹಿಡಿದವರಿಗೆ ಹೇಗನಿಸುತ್ತದೆ ಎನ್ನುವುದು ಮುಂದೆ ಬಂತು. ಬೆನ್ ಜಾಯ್ನರ್ ಅವರಂಥ ಛಾಯಾಗ್ರಾಹಕರು ಸಿನಿಮಾದ ಶಿಸ್ತನ್ನು ಟಿವಿಯ ವಾರವಾರದ ಕೆಲಸಕ್ಕೆ ತಂದರು. ಕ್ಲಾರ್ಕ್‌ಸನ್, ರಿಚರ್ಡ್ ಹ್ಯಾಮಂಡ್, ಜೇಮ್ಸ್ ಮೇ ಎಂಬ ಅದರ ಮೂವರು ನಿರೂಪಕರು 2016ರಲ್ಲಿ ‘ದ ಗ್ರ್ಯಾಂಡ್ ಟೂರ್’ ಶುರು ಮಾಡಿದಾಗ ಆ ಚಿತ್ರಶೈಲಿಯೂ ಅವರ ಜೊತೆ ಹೋಯಿತು. ಅವರ ಬಜೆಟ್ಟು ನಮ್ಮದಲ್ಲ, ನಿಜ. ಆದರೆ ನಿಮ್ಮ ಮೈ ಜುಮ್ಮೆನ್ನಿಸಿದ ಅಂಶಗಳಲ್ಲಿ ಹೆಚ್ಚಿನವಕ್ಕೆ ಬಜೆಟ್ ಬೇಡ, ಲೆಕ್ಕ ಬೇಕು.

ಮೊದಲನೆಯ ಲೆಕ್ಕ ಶಟರಿನದು, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಬೆಳಕು ಒಳಬಿಡುವ ಹೊತ್ತಿನದು. ನಿಮ್ಮ ವೀಡಿಯೊದ ಮುಖ್ಯ ಕುಂದು ಇಲ್ಲಿಯೇ ಇದೆ. ಹೆಚ್ಚಿನ ಫೋನುಗಳ ಲೆನ್ಸಿನ ಕಿಂಡಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬೆಳಕು ಜಾಸ್ತಿಯಾದರೆ ಫೋನಿಗೆ ಉಳಿಯುವ ದಾರಿ ಶಟರನ್ನು ಚುರುಕು ಮಾಡುವುದೊಂದೇ. ನಡು ಮಧ್ಯಾಹ್ನದ ಬಿಸಿಲಿಗೆ ಅದು ಸೆಕೆಂಡಿನ 1/4000ರ ಆಸುಪಾಸಿಗೆ ಹೋಗುತ್ತದೆ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. 1/4000 ಸೆಕೆಂಡಿನಲ್ಲಿ ಜೀಪು ಮುಂದೆ ಹೋಗುವುದು 3 ಮಿಲಿಮೀಟರಿಗೂ ಕಡಿಮೆ. ಒಂದೊಂದು ಫ್ರೇಮಿನಲ್ಲೂ ದಾರಿಬದಿಯ ಎಲೆ ಎಲೆಯೂ ಅಚ್ಚು ಹೊಡೆದಂತೆ ನಿಲ್ಲುತ್ತದೆ. ಕಣ್ಣು ಅದನ್ನು ಓಟ ಎಂದು ಒಪ್ಪುವುದಿಲ್ಲ, ಒಂದರ ಹಿಂದೊಂದು ಬಂದ ಫೋಟೊಗಳು ಎಂದುಕೊಳ್ಳುತ್ತದೆ.

ಶಟರನ್ನು 1/50ಕ್ಕೆ ಕಟ್ಟಿಹಾಕಿ ನೋಡಿ. ಅದೇ 40ರ ವೇಗ, ಆದರೆ ಈಗ ಒಂದು ಫ್ರೇಮ್ ಸೆರೆಯಾಗುವಷ್ಟರಲ್ಲಿ ಜೀಪು 22 ಸೆಂಟಿಮೀಟರ್ ಹೋಗಿರುತ್ತದೆ. ಡಾಮರು ಉದ್ದುದ್ದ ಗೆರೆಗಳಾಗುತ್ತದೆ, ಬದಿಯ ಕಮ್ಯುನಿಸ್ಟ್ ಗಿಡ ಎಂಬ ಕಳೆಯ ಪೊದೆ ಹಸಿರು ಪಟ್ಟೆಯಾಗುತ್ತದೆ. ಸೆಕೆಂಡಿಗೆ 24 ಫ್ರೇಮು, ಫ್ರೇಮಿನ ಅರ್ಧ ಹೊತ್ತು ತೆರೆದ ಶಟರು ಎನ್ನುವುದು ಸಿನಿಮಾದವರು ಬಹುಕಾಲದಿಂದ ಪಾಲಿಸಿಕೊಂಡು ಬಂದ ಪದ್ಧತಿ. ಬ್ರಿಟನ್ನಿನ ಟಿವಿಗೂ ನಮ್ಮ ಟಿವಿಗೂ ಸೆಕೆಂಡಿಗೆ 25 ಫ್ರೇಮಿನ ಲೆಕ್ಕ, ಅದರ ಅರ್ಧವೇ ಈ 1/50. ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೆ ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಹಾಕಬೇಕು. ಇದು ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು. ನಮ್ಮ ಏಪ್ರಿಲ್ ಬಿಸಿಲಿಗೆ ಎನ್‌ಡಿ 64, ಅಂದರೆ ಬೆಳಕಿನ 64ರಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುವಂಥದ್ದು ಬೇಕಾಗುತ್ತದೆ. ಮೋಡ ಕವಿದ ದಿನಕ್ಕೆ 8 ಅಥವಾ 16 ಸಾಕು. ಫೋನಿನ ಸ್ವಂತ ಕ್ಯಾಮೆರಾ ಆ್ಯಪ್ ಶಟರನ್ನು ಕೈಗೆ ಕೊಡದಿದ್ದರೆ, ಕೊಡುವ ಬೇರೆ ಆ್ಯಪ್ ಹಾಕಿಕೊಳ್ಳಿ.

ಬಲಬದಿಯ ಚಕ್ರದ ಕ್ಲೋಸಪ್‌ನಲ್ಲಿ ಚಕ್ರ ನಿಂತೇ ಇದ್ದಂತೆ ಕಾಣುತ್ತದಲ್ಲ, ಅದು ಕ್ಯಾಮೆರಾದ ದೋಷವಲ್ಲ. ನೀವು ಹಾಕಿಸಿದ್ದು ಐದು ಕಡ್ಡಿಯ ಅಲಾಯ್ ಚಕ್ರ. ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಎಂದಿಟ್ಟುಕೊಂಡರೆ 40ರ ವೇಗದಲ್ಲಿ ಸೆಕೆಂಡಿಗೆ ಐದು ಸುತ್ತು. 25 ಫ್ರೇಮಿಗೆ ಐದು ಸುತ್ತು ಅಂದರೆ ಒಂದು ಫ್ರೇಮಿಗೆ ಸುತ್ತಿನ ಐದನೇ ಒಂದು ಭಾಗ. ಪ್ರತಿ ಫ್ರೇಮಿನಲ್ಲೂ ಹಿಂದಿನ ಕಡ್ಡಿಯ ಜಾಗಕ್ಕೆ ಸರಿಯಾಗಿ ಮುಂದಿನ ಕಡ್ಡಿ ಬಂದು ಕೂರುತ್ತದೆ. ವೇಗ ಸ್ವಲ್ಪ ಇಳಿದರೆ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಆ ಒಂದು ಶಾಟನ್ನು 45ರಲ್ಲಿ ಓಡಿಸಿ ತೆಗೆಯಿರಿ.

ಎರಡನೆಯದು ಹತ್ತಿರದ ವಸ್ತು. ನೀವು ಪದವಿನ ಮೇಲೆ, ಸುತ್ತ ಹುಲ್ಲು ಮಾತ್ರ ಇರುವಲ್ಲಿ, ಎದೆಯ ಎತ್ತರಕ್ಕೆ ಫೋನು ಹಿಡಿದು, ದೂರದಿಂದ ತೆಗೆದಿದ್ದೀರಿ. ಕಣ್ಣಿಗೆ ಅಳೆಯಲು ಏನೂ ಇಲ್ಲ. ಕೋಟಿ ರೂಪಾಯಿಯ ಕಾರನ್ನು ತಂದು ಓಡಿಸಿದರೂ ಅಲ್ಲಿ ಅದು ತೆವಳಿದ ಹಾಗೇ ಕಾಣುತ್ತಿತ್ತು. ಫೋನನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಇಳಿಸಿ, ಅಗಲ ಲೆನ್ಸು ಹಾಕಿ, ಲೆನ್ಸಿಗೂ ಜೀಪಿಗೂ ನಡುವೆ ಏನಾದರೂ ಬರುವ ಹಾಗೆ ನಿಲ್ಲಿ. ಹುಲ್ಲಿನ ತೆನೆ, ಮುರಕಲ್ಲಿನ ಪಾಗಾರ, ಮೈಲಿಕಲ್ಲು, ಯಾವುದಾದರೂ ಆದೀತು. ನಿಮ್ಮೂರಿನಲ್ಲಿ ಇದಕ್ಕೆಂದೇ ಇರುವಂಥ ವಸ್ತು ಅಡಿಕೆ ತೋಟ. ಅಳತೆ ಹಿಡಿದು ನೆಟ್ಟ ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು 2.7 ಮೀಟರ್. ರಸ್ತೆಗೆ ಸಮಾನಾಂತರವಾದ ಸಾಲಿನ ಆಚೆಯಿಂದ, ಜೀಪಿನ ಜೊತೆಗೇ ಸಾಗುತ್ತಾ ಚಿತ್ರ ತೆಗೆದರೆ 40ರ ವೇಗಕ್ಕೆ ಸೆಕೆಂಡಿಗೆ ನಾಲ್ಕು ಮರ ಲೆನ್ಸಿನ ಮುಂದೆ ಹಾದುಹೋಗುತ್ತವೆ. ಅಷ್ಟು ಚುರುಕಾದ ತಾಳ ಅಲ್ಲಿಯೇ ನೆಟ್ಟು ನಿಂತಿದೆ, ಎಡಿಟಿಂಗಿನಲ್ಲಿ ಹುಡುಕಬೇಕಿಲ್ಲ. ಒಂದೇ ತೊಂದರೆ ಎಂದರೆ ತೋಟದೊಳಗಿನ ಬೆಳಕು. ಬಿಸಿಲಿದ್ದರೆ ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದು, ಬಾನೆಟ್ಟಿನ ಮೇಲೆ ಮಿಣಮಿಣ ಎಂದು ಕಣ್ಣು ಚುಚ್ಚುತ್ತದೆ. ಸೋಗೆಯ ನೆರಳಿನಲ್ಲಿ ಎಲ್ಲದಕ್ಕೂ ಹಸಿರು ಛಾಯೆಯೂ ಬರುತ್ತದೆ. ಮೋಡವಿರುವ ದಿನ ಹೋಗಿ, ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಒಮ್ಮೆ ಇಟ್ಟು ಲಾಕ್ ಮಾಡಿ.

ಉದ್ದ ಲೆನ್ಸಿನ, ಅಂದರೆ ದೂರದ್ದನ್ನು ಹತ್ತಿರಕ್ಕೆಳೆದು ತೋರಿಸುವ ಲೆನ್ಸಿನ, ಕೆಲಸ ಬೇರೆ. ದೂರದಿಂದ ಎದುರಾಗಿ ತೆಗೆದರೆ ಹಿಂದಿನ ಗುಡ್ಡೆ ಜೀಪಿನ ಬೆನ್ನಿಗೇ ಬಂದು ನಿಂತಂತೆ ಕಾಣುತ್ತದೆ. ಗಾಡಿ ಬರುತ್ತಲೇ ಇರುತ್ತದೆ, ಹತ್ತಿರವಾಗುವುದೇ ಇಲ್ಲ. ವೇಗ ಕಡಿಮೆಯಾಗಿ ತೂಕ ಹೆಚ್ಚಾಗುತ್ತದೆ. ನಿಮ್ಮ ಜೀಪಿಗೆ ಇದು ತುಂಬ ಹೊಂದುತ್ತದೆ, ಏಕೆಂದರೆ ಅದರ ಚೆಲುವು ಇರುವುದೇ ಒಜ್ಜೆಯಲ್ಲಿ. ಚಡಾವು ಹತ್ತುವಾಗ ಒಂದು ಸಲ ಇದನ್ನು ಬಳಸಿ, ಮುಂದಿನ ಶಾಟಿಗೇ ನೆಲಮಟ್ಟದ ಅಗಲ ಲೆನ್ಸಿಗೆ ಹಾರಿ. ಇವೆರಡರ ತಿಕ್ಕಾಟದಿಂದಲೇ ಟಾಪ್ ಗೇರ್‌ನ ಅರ್ಧ ಬಿಸಿ ಹುಟ್ಟುವುದು.

ಗಾಡಿಯಿಂದ ಗಾಡಿಯನ್ನು ತೆಗೆಯುವ ಶಾಟುಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ದೊಡ್ಡ ಚಿತ್ರತಂಡಗಳು ಕಾರಿನ ಮಾಡಿನ ಮೇಲೆ ಕೂರಿಸಿ ಒಳಗಿನಿಂದಲೇ ನಿಯಂತ್ರಿಸುವ, ಕುಲುಕಾಟ ತಿನ್ನುವ ಕ್ರೇನು ಬಳಸುತ್ತವೆ. ರಷ್ಯನ್ ಆರ್ಮ್ ಎಂದು ಹೆಸರಾದ ಅದನ್ನು ರೂಪಿಸಿದವರು ಉಕ್ರೇನಿನ ಅನಾತೊಲಿ ಕೊಕುಶ್. 2006ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ನಿಮ್ಮ ವೀಡಿಯೊದ ಮೂರನೇ ನಿಮಿಷದಲ್ಲಿ ಒಬ್ಬರು ಮುಂದಿನ ಗಾಡಿಯ ಹಿಂಬಾಗಿಲಿನಲ್ಲಿ ಕಾಲು ಇಳಿಬಿಟ್ಟು ಕೂತು ತೆಗೆದದ್ದು ನೆರಳಿನಲ್ಲಿ ಕಾಣುತ್ತದೆ. ಅದನ್ನು ಇನ್ನು ಮಾಡಬೇಡಿ. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂತು, ಇಳಿಸಿದ ಗಾಜಿನ ಒಳಗಿಂದಲೇ ತೆಗೆಯಿರಿ. ಅಥವಾ ಹೀರುಬಟ್ಟಲಿನ (ಸಕ್ಷನ್ ಕಪ್) ಮೌಂಟಿನಲ್ಲಿ ಫೋನು ಅಂಟಿಸಿ, ಜೊತೆಗೆ ಒಂದು ಗಟ್ಟಿ ಹುರಿ ಕಟ್ಟಿ. 30ರಲ್ಲಿ ಹೋದರೆ ಸಾಕು. ವೇಗವನ್ನು ಪರದೆಯ ಮೇಲೆ ಕಟ್ಟಲು ಬರುತ್ತದೆ ಎಂದಾದ ಮೇಲೆ ಎದುರಿನಿಂದ ಶಾಲೆಯ ಬಸ್ಸು ಬರುವ ತಿರುವಿನಲ್ಲಿ ಆಕ್ಸಿಲರೇಟರ್ ತುಳಿಯುವ ಅಗತ್ಯವೇ ಇಲ್ಲ. ತಲಪಾಡಿಯಿಂದ ಬರುವ ಹೊಸ ಆರು ಪಥದ ಹೆದ್ದಾರಿ ಚಿತ್ರಕ್ಕೂ ಅಷ್ಟಕ್ಕಷ್ಟೆ, ಎಲ್ಲ ತಡೆಗೋಡೆಗಳೇ. ನಂದಾರಪದವಿನಿಂದ ಹೊರಡುವ ಮಲೆನಾಡ ಹೆದ್ದಾರಿಯಲ್ಲಿ ಬೆಳಗ್ಗೆ ಆರೂವರೆಗೆ ಸಿಗುವ ತಿರುವು, ಇಳಿಜಾರು, ಓರೆ ಬೆಳಕು ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಡ್ರೋನಿನ ವಿಷಯ ಚಿಕ್ಕದು. ನೂರು ಮೀಟರ್ ಎತ್ತರದಿಂದ ನೋಡಿದರೆ ಹತ್ತಿರದ ವಸ್ತು ಎಂಬುದೇ ಇರುವುದಿಲ್ಲ, ಆದ್ದರಿಂದ ಡ್ರೋನು ವೇಗವನ್ನು ಕೊಲ್ಲುತ್ತದೆ. ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಗುಡ್ಡೆ ಎಷ್ಟು ದೊಡ್ಡದು, ಜೀಪು ಎಷ್ಟು ಚಿಕ್ಕದು ಎಂದು ಒಮ್ಮೆ ಹೇಳಲು ಅದನ್ನು ಇಟ್ಟುಕೊಳ್ಳಿ. ನೀವು ಹನ್ನೊಂದು ನಿಮಿಷದ ವೀಡಿಯೊದಲ್ಲಿ ಅರ್ಧ ಡ್ರೋನಿಗೇ ಬಿಟ್ಟಿದ್ದೀರಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲೂ 120 ಮೀಟರಿನ ಮಿತಿ ಇದೆ. ಹಾರಿಸುವ ಮೊದಲು ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಯಾವ ವಲಯದಲ್ಲಿದೆ ಎಂದು ನೋಡಿ. ಮುಂದೆ ಬೇಕಲ ಕೋಟೆಗೆ ಹೋಗುವ ಆಲೋಚನೆ ಬರೆದಿದ್ದೀರಿ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಪಡೆಯದೆ ಡ್ರೋನು ತೆಗೆದುಕೊಂಡು ಹೋಗಬೇಡಿ.

ಬಿಳಿ ಆಕಾಶಕ್ಕೆ ಬರುತ್ತೇನೆ. ಟಾಪ್ ಗೇರ್‌ನಲ್ಲಿ ಮೋಡಗಳು ಗವ್ವೆಂದು ತಲೆಯ ಮೇಲೆ ಇಳಿದಂತೆ ಕಾಣುತ್ತವಲ್ಲ, ಅದರ ಹಿಂದೆ ಇರುವುದು ಅರ್ಧ ಕಪ್ಪಾಗಿ ಅರ್ಧ ತಿಳಿಯಾಗಿರುವ ಗ್ರ್ಯಾಡ್ ಫಿಲ್ಟರ್. ಕಪ್ಪು ಭಾಗ ಆಕಾಶಕ್ಕೆ, ತಿಳಿ ಭಾಗ ನೆಲಕ್ಕೆ. ಆ ಕಾರ್ಯಕ್ರಮ ಅದನ್ನು ಎಷ್ಟು ಧಾರಾಳವಾಗಿ ಬಳಸಿತೆಂದರೆ ಅದು ಅದರ ಗುರುತೇ ಆಯಿತು. ಅಂಚುಗಳನ್ನು ಕತ್ತಲಾಗಿಸಿ, ಬಣ್ಣ ತಿದ್ದುವಾಗ ಕಾಂಟ್ರಾಸ್ಟ್ ಏರಿಸಿ ಕಾರಿನ ಮೇಲಷ್ಟೇ ಬೆಳಕು ಉಳಿಸುವುದು ಅದರ ಮುಂದುವರಿಕೆ. ಫೋನಿನಲ್ಲಿ ಇದಕ್ಕೆ ಸುಲಭ ದಾರಿ ಎಂದರೆ ಆಕಾಶವನ್ನು ನೋಡಿ ಎಕ್ಸ್‌ಪೋಷರ್ ಲಾಕ್ ಮಾಡುವುದು. ನೆಲ ಸ್ವಲ್ಪ ಕತ್ತಲಾಗಲಿ, ಅದನ್ನು ಆಮೇಲೆ ಎತ್ತಬಹುದು. ಸುಟ್ಟುಹೋದ ಬಿಳಿಯಿಂದ ಮೋಡವನ್ನು ವಾಪಸು ತರಲು ಯಾವ ಸಾಫ್ಟ್‌ವೇರಿಗೂ ಆಗದು.

ಇನ್ನೊಂದು ಮಾತು, ಇದು ನನಗೆ ತುಂಬ ಪ್ರಿಯವಾದದ್ದು. ಜಾಹೀರಾತಿನವರು ಕಾರಿನ ಮೈಮೇಲೆ ನುಣುಪಾದ ಬೆಳಕು ಬರಲಿ ಎಂದು ಸ್ಟುಡಿಯೊದಲ್ಲಿ ಚಪ್ಪರದಷ್ಟು ದೊಡ್ಡ ಬಿಳಿ ಬಟ್ಟೆ ಕಟ್ಟುತ್ತಾರೆ. ಕಾಸರಗೋಡಿನ ಮಳೆಗಾಲದ ಆಕಾಶ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನೇ ಪುಕ್ಕಟೆಯಾಗಿ ಕಟ್ಟಿಕೊಟ್ಟಿರುತ್ತದೆ. ಮಳೆ ಒಂದು ಹೊಡೆತ ಹೊಡೆದು ನಿಂತ ಅರ್ಧ ಗಂಟೆಯಲ್ಲಿ ಮುರ ಮಣ್ಣು ಕಡುಗೆಂಪಾಗುತ್ತದೆ, ಡಾಮರು ಕನ್ನಡಿಯಾಗುತ್ತದೆ, ಜೀಪಿನ ಹೆಡ್‌ಲೈಟ್ ರಸ್ತೆಯ ಮೇಲೆ ಎರಡು ಮಾರು ಉದ್ದಕ್ಕೆ ಬೀಳುತ್ತದೆ. ಪೋಲರೈಸರ್ ಫಿಲ್ಟರ್ ಹಾಕಿದರೆ ಒದ್ದೆ ಎಲೆಗಳ ಹೊಳಪು ಹೋಗಿ ಹಸಿರು ಗಾಢವಾಗುತ್ತದೆ, ವಿಂಡ್‌ಶೀಲ್ಡಿನ ಪ್ರತಿಬಿಂಬ ಅಳಿದು ಡ್ರೈವರನ ಮುಖ ಕಾಣುತ್ತದೆ. ಆದರೆ ಅದೇ ಫಿಲ್ಟರು ರಸ್ತೆಯ ಕನ್ನಡಿಯನ್ನೂ ಅಳಿಸಬಲ್ಲದು. ಎಲೆ ಬೇಕೋ ರಸ್ತೆ ಬೇಕೋ ಎಂದು ನಿರ್ಧರಿಸಿ ಉಂಗುರ ತಿರುಗಿಸಿ.

ಈಗ ಎಡಿಟಿಂಗ್. ನಿಮ್ಮ ವೀಡಿಯೊದಲ್ಲಿ ಜೀಪು ತಿರುವಿನಿಂದ ಬರುತ್ತದೆ, ಹಾದುಹೋಗುತ್ತದೆ, ಮರೆಯಾಗುತ್ತದೆ. ಆಮೇಲೆ ಮುಂದಿನ ಶಾಟು, ಅಲ್ಲಿಯೂ ಹಾಗೇ. ಪ್ರತಿ ಶಾಟೂ ಅಲ್ಲಲ್ಲೇ ಮುಗಿದುಹೋಗುವುದರಿಂದ ನೋಡುವವನಿಗೆ ಮುಂದೇನು ಎಂಬ ತವಕ ಉಳಿಯುವುದಿಲ್ಲ. ಅದಲ್ಲದೆ ಒಂದರಲ್ಲಿ ಜೀಪು ಎಡದಿಂದ ಬಲಕ್ಕೆ, ಮರುಕ್ಷಣ ಬಲದಿಂದ ಎಡಕ್ಕೆ ಹೋಗುತ್ತದೆ. ಗುಡ್ಡೆ ಹತ್ತುತ್ತಿದೆಯೋ ಮನೆಗೆ ವಾಪಸು ಬರುತ್ತಿದೆಯೋ ಗೊತ್ತಾಗುವುದಿಲ್ಲ. ಹತ್ತುವುದು ಎಡದಿಂದ ಬಲಕ್ಕೆ ಎಂದು ಒಮ್ಮೆ ಗೊತ್ತು ಮಾಡಿದರೆ ತುದಿ ಮುಟ್ಟುವವರೆಗೂ ಹಾಗೆಯೇ ಇರಲಿ. ದಿಕ್ಕು ಬದಲಿಸಲೇಬೇಕಾದರೆ ನಡುವೆ ನೇರ ಎದುರಿನ ಒಂದು ಶಾಟು ಇಡಿ.

ನಿಮ್ಮದೇ ಫೂಟೇಜಿನಿಂದ ನಾನಾದರೆ ಆ ಕೊನೆಯ ಚಡಾವನ್ನು ಹೀಗೆ ಜೋಡಿಸುತ್ತೇನೆ. ಮೊದಲು ಖಾಲಿ ರಸ್ತೆ, ತಿರುವು, ಜೀಪಿಲ್ಲ. ದೂರದಿಂದ ಡೀಸೆಲ್ ಎಂಜಿನ್ನಿನ ಸದ್ದು ಏರುತ್ತದೆ. ಮೂರು ಸೆಕೆಂಡು ಕಾಯಿಸಿ. ಜೀಪು ಕಾಣಿಸಿಕೊಳ್ಳುವ ಮೊದಲೇ ಒಳಗೆ ಕಟ್ ಮಾಡಿ: ನಿಮ್ಮ ಗೆಳೆಯರ ಕೈ ಗೇರ್ ದಂಡಿಗೆಯನ್ನು ಮೂರರಿಂದ ಎಳೆದು ಎರಡಕ್ಕೆ ತಳ್ಳುತ್ತದೆ. ನಿಮ್ಮ ಫೂಟೇಜಿನಲ್ಲಿ ಇದು ಎಷ್ಟು ಚೆನ್ನಾಗಿ ಬಂದಿದೆ ಎಂದರೆ, ತಳ್ಳುವ ಮುಂಚೆ ಹೆಬ್ಬೆರಳು ಒಂದು ಕ್ಷಣ ಹಿಂಜರಿಯುವುದೂ ಕಾಣುತ್ತದೆ. ನೀವು ಅದನ್ನು ಬಳಸಿಯೇ ಇಲ್ಲ. ಗೇರು ಕೂರುವ ಕ್ಷಣಕ್ಕೇ ಮುಂದಿನ ಕಟ್, ಹಿಂದಿನ ಚಕ್ರ ಸಡಿಲು ಜಲ್ಲಿಯನ್ನು ಚಿಮ್ಮುತ್ತದೆ, ಒಂದು ಸೆಕೆಂಡಿಗಿಂತ ಕಡಿಮೆ. ಆಮೇಲೆ ಮುಖ, ಕಣ್ಣು ಮೇಲಿನ ತಿರುವಿನ ಕಡೆ. ಈಗ ಉದ್ದ ಲೆನ್ಸಿನ ಎದುರಿನ ಶಾಟು, ಗುಡ್ಡೆಯ ಭಾರವೆಲ್ಲ ಹಿಂದೆ. ಕೊನೆಗೆ ಡ್ರೋನು, ಅದು ಒಂದೇ ಸಲ. ಅಗಲ ನೋಟವನ್ನು ಎಲ್ಲರೂ ಮೊದಲು ಇಡುತ್ತಾರೆ, ಜಾಗ ಗೊತ್ತಾಗಲಿ ಎಂದು. ತಡವಾಗಿ ಇಟ್ಟರೆ ಅದು ಉಸಿರು ಬಿಟ್ಟಂತೆ ಕೆಲಸ ಮಾಡುತ್ತದೆ. ಈ ಆರು ಶಾಟಿಗೆ ಇಪ್ಪತ್ತು ಸೆಕೆಂಡೂ ಬೇಡ. ನೀವು ಅದೇ ಚಡಾವಿಗೆ ಎರಡು ನಿಮಿಷ ಕೊಟ್ಟಿದ್ದೀರಿ.

ಕಾರುಗಳ ಎಡಿಟಿಂಗಿಗೆ ಈಗಲೂ ಪಾಠವಾಗಿ ನಿಲ್ಲುವುದು 1968ರ ‘ಬುಲಿಟ್’ ಸಿನಿಮಾದ ಬೆನ್ನಟ್ಟುವ ದೃಶ್ಯ. ಸಂಕಲನಕಾರ ಫ್ರಾಂಕ್ ಕೆಲ್ಲರ್ ಆ ಚಿತ್ರಕ್ಕೆ ಆಸ್ಕರ್ ಪಡೆದರು. ಸ್ಯಾನ್ ಫ್ರಾನ್ಸಿಸ್ಕೊದ ಇಳಿಜಾರುಗಳಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ನಡೆಯುವ ಆ ದೃಶ್ಯದಲ್ಲಿ ಒಂದೇ ಹಸಿರು ಫೋಕ್ಸ್‌ವಾಗನ್ ಬೀಟಲ್ ಮತ್ತೆ ಮತ್ತೆ ಎದುರಾಗುತ್ತದೆ. ಒಂದೇ ಓಟವನ್ನು ಹಲವು ಕ್ಯಾಮೆರಾಗಳಲ್ಲಿ ತೆಗೆದು, ಬೇರೆ ಬೇರೆ ಓಟವೆಂಬಂತೆ ಜೋಡಿಸಿದ್ದರ ಗುರುತು ಅದು. ನೋಡುವವರಿಗೆ ಅಡ್ಡಿಯಾಗಲಿಲ್ಲ, ದಿಕ್ಕೂ ಬಿಗುವೂ ಸಡಿಲಾಗದ ಕಾರಣ. ನಿಮ್ಮಲ್ಲಿ ಇರುವುದು ಒಂದೇ ಒಳ್ಳೆಯ ತಿರುವಾದರೂ ಅದನ್ನು ಮೂರು ಕೋನದಿಂದ ತೆಗೆದು ಮೂರು ತಿರುವಾಗಿಸಬಹುದು.

ಸದ್ದಿನ ಬಗ್ಗೆ ಹೇಳದೆ ಈ ಉತ್ತರ ಮುಗಿಸುವಂತಿಲ್ಲ, ಏಕೆಂದರೆ ನಿಮ್ಮ ವೀಡಿಯೊದಲ್ಲಿ ಜೀಪಿಗೆ ಸದ್ದೇ ಇಲ್ಲ. ಹಾಡಿನ ಅಡಿಯಲ್ಲಿ ಗಾಳಿಯ ಬುರ್ರು ಮಾತ್ರ ಇದೆ. ಫ್ರೆಂಚ್ ನಿರ್ದೇಶಕ ಕ್ಲೋಡ್ ಲಲೂಶ್ 1976ರಲ್ಲಿ ಬೆಳಗಿನ ಜಾವದ ಪ್ಯಾರಿಸ್ಸಿನಲ್ಲಿ ಸುಮಾರು ಎಂಟು ನಿಮಿಷದ ಒಂದೇ ಶಾಟಿನ ಚಿತ್ರ ತೆಗೆದರು. ಬಂಪರಿಗೆ ಕಟ್ಟಿದ ಕ್ಯಾಮೆರಾ, ಕೆಂಪು ದೀಪಗಳನ್ನೂ ಲೆಕ್ಕಿಸದ ಓಟ. ನಾವು ಮಾಡಲೇಬಾರದ ಕೆಲಸ ಅದು. ಕಿವಿಗೆ ಬೀಳುವುದು ಫೆರಾರಿ 275 ಜಿಟಿಬಿಯ ಆರ್ಭಟ. ನಿಜಕ್ಕೂ ಓಡಿದ್ದು ಮರ್ಸಿಡಿಸ್ 450 ಎಸ್‌ಇಎಲ್, ಫೆರಾರಿಯ ಸದ್ದನ್ನು ಬೇರೆಯಾಗಿ ಮುದ್ರಿಸಿ ಸೇರಿಸಿದ್ದರು. ಚಿತ್ರ ಕಾರನ್ನು ತೋರಿಸುವುದೇ ಇಲ್ಲ, ರಸ್ತೆಯನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಅಲ್ಲಿ ಯಾವ ಕಾರು ಓಡುತ್ತಿದೆ ಎಂದು ತೀರ್ಮಾನಿಸಿದ್ದು ಕಿವಿಯೇ.

ನಿಮ್ಮ ಜೀಪಿನ ಸದ್ದನ್ನು ಅದರಿಂದಲೇ ತೆಗೆದುಕೊಳ್ಳಿ, ಆದರೆ ಬೇರೆ ಹೊತ್ತಿನಲ್ಲಿ. ರೋಮದ ಗಾಳಿಗವಚ ಹಾಕಿದ ಮೈಕನ್ನು ಸೈಲೆನ್ಸರಿನಿಂದ ಸ್ವಲ್ಪ ದೂರ, ಹೊಗೆ ನೇರ ತಾಗದ ಹಾಗೆ ಕಟ್ಟಿ ಒಂದು ಸುತ್ತು. ಬಾನೆಟ್ಟಿನೊಳಗೆ, ಏರ್ ಫಿಲ್ಟರಿನ ಹತ್ತಿರ ಇಟ್ಟು ಇನ್ನೊಂದು. ಒಳಗೆ, ಗೇರಿನ ಕಿರಿಕಿರಿ, ಬಾಗಿಲಿನ ತಗಡಿನ ಕುಲುಕು, ಸೀಟಿನ ಸ್ಪ್ರಿಂಗು ಕೇಳುವಂತೆ ಮತ್ತೊಂದು. ರಸ್ತೆ ಬದಿಯಲ್ಲಿ ನಿಂತು ಗಾಡಿ ದಾಟಿಹೋಗುವ ಸದ್ದನ್ನೂ ಹಿಡಿಯಿರಿ, ಆದರೆ ಅದನ್ನು ಮಿತವಾಗಿ ಬಳಸಿ. 40ರ ವೇಗದಲ್ಲಿ ಗಾಡಿ ನಿಮ್ಮನ್ನು ದಾಟುವಾಗ ಸದ್ದಿನ ಶ್ರುತಿ ಹೆಚ್ಚುಕಮ್ಮಿ ಒಂದು ಸ್ವರಸ್ಥಾನದಷ್ಟೇ ಇಳಿಯುತ್ತದೆ. 100ರ ವೇಗದಲ್ಲಾದರೆ ಹತ್ತಿರ ಹತ್ತಿರ ಮೂರು. ಕಣ್ಣಿಗೆ ಎಷ್ಟು ವೇಗ ಕಟ್ಟಿದರೂ ಆ ಇಳಿತ ಕೇಳಿದ ಕಿವಿ ನಿಜವಾದ ವೇಗವನ್ನು ಹೇಳಿಬಿಡುತ್ತದೆ. ಹಾಗಾಗಿ ಹಾದುಹೋಗುವ ಶಾಟಿಗೂ ಒಳಗಿನ ಮೈಕಿನ ಎಂಜಿನ್ ಸದ್ದನ್ನೇ ಬೆರೆಸಿ. ದೂರದ ಶಾಟುಗಳಲ್ಲಿ ಇನ್ನೊಂದು ಗಮನವಿರಲಿ. 340 ಮೀಟರ್ ಆಚೆ ಗೇರು ಬದಲಿಸಿದರೆ ಸದ್ದು ನಿಮ್ಮ ಮೈಕಿಗೆ ಒಂದು ಸೆಕೆಂಡು ತಡವಾಗಿ ಬಂದಿರುತ್ತದೆ. ಎಡಿಟಿಂಗಿನಲ್ಲಿ ಅದನ್ನು ಹಿಂದಕ್ಕೆಳೆದು ಕೂಡಿಸಬೇಕು.

ಸಂಗೀತ ಕೊನೆಗೆ ಬರಬೇಕು, ನೀವು ಅದರಿಂದಲೇ ಶುರು ಮಾಡಿದ್ದೀರಿ. ಬುಲಿಟ್ ಚಿತ್ರದ ಆ ದೃಶ್ಯದಲ್ಲಿ ಲಾಲೊ ಷಿಫ್ರಿನ್ ಅವರ ಸಂಗೀತ ಕಾರುಗಳು ಒಂದನ್ನೊಂದು ಮೂಸುತ್ತ ಹಿಂಬಾಲಿಸುವಾಗ ಮಾತ್ರ ಇರುತ್ತದೆ. ಓಟ ಶುರುವಾದ ಕೂಡಲೇ ನಿಂತುಬಿಡುತ್ತದೆ. ಮುಂದಿನದೆಲ್ಲ ಎಂಜಿನ್ನು, ಟೈರು. ಇದನ್ನು ನಿಮಗೆ ಅಮೆರಿಕದಿಂದ ಕಲಿಸಬೇಕಾಗಿಯೂ ಇಲ್ಲ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಿನವರು ನೀವು, ತೆಂಕುತಿಟ್ಟಿನ ಆಟ ನೋಡಿರುತ್ತೀರಿ. ವೇಷ ರಂಗಕ್ಕೆ ಬರುವಾಗ ಕಿವಿ ಬಿರಿಯುವಂತೆ ಏರುವ ಚೆಂಡೆ, ಪದ್ಯ ಮುಗಿದು ಅರ್ಥ ಶುರುವಾದೊಡನೆ ಸುಮ್ಮನಾಗುತ್ತದೆ. ಅರ್ಥದ ಉದ್ದಕ್ಕೂ ಚೆಂಡೆ ಬಾರಿಸುತ್ತಲೇ ಇದ್ದರೆ ವೇಷಧಾರಿಯ ಮಾತೂ ಸತ್ತಿತು, ಚೆಂಡೆಯ ಬಿಸಿಯೂ ಆರಿತು. ನಿಮ್ಮ ಹನ್ನೊಂದು ನಿಮಿಷವೂ ಹಾಡು ನಿಂತಿಲ್ಲ.

ಟಾಪ್ ಗೇರ್‌ನಲ್ಲಿ ಸಂಗೀತದ ಅತ್ಯುತ್ತಮ ಬಳಕೆ ಎಂದು ನಾನು ಎಣಿಸುವುದು 2009ರಲ್ಲಿ ಕ್ಲಾರ್ಕ್‌ಸನ್ ಆಸ್ಟನ್ ಮಾರ್ಟಿನ್ ವಿ12 ವ್ಯಾಂಟೇಜ್ ಓಡಿಸಿದ ಕಿರುಚಿತ್ರವನ್ನು. ಸದಾ ಗಟ್ಟಿಯಾಗಿ ಮಾತಾಡುವ ಮನುಷ್ಯ ಅಲ್ಲಿ ಹೆಚ್ಚುಕಮ್ಮಿ ಮಾತಾಡುವುದೇ ಇಲ್ಲ. ಇಂಥ ಕಾರುಗಳ ಕಾಲ ಮುಗಿಯುತ್ತಿದೆ ಎಂಬ ಅಳುಕನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಕಾರು ಗುಡ್ಡಗಾಡಿನಲ್ಲಿ ಹೋಗುತ್ತಲೇ ಇರುತ್ತದೆ, ಹಿನ್ನೆಲೆಯಲ್ಲಿ ಬ್ರಯನ್ ಈನೋ ಅವರ ಸಂಗೀತ. ಅದು ಅಮೆರಿಕದ ಅಪೊಲೊ ಚಂದ್ರಯಾತ್ರೆಗಳ ಸಾಕ್ಷ್ಯಚಿತ್ರಕ್ಕೆಂದು ಮಾಡಿ 1983ರಲ್ಲಿ ಹೊರಬಂದದ್ದು. ತಾಳವೇ ಇಲ್ಲ, ನಿಧಾನವಾಗಿ ತುಂಬಿಕೊಂಡು ಕರಗುವ ಸ್ವರಗಳಷ್ಟೆ. ಹನ್ನೆರಡು ಸಿಲಿಂಡರಿನ ಕಾರಿಗೆ ಬೇರೆ ಯಾರಾದರೂ ಗಿಟಾರಿನ ಅಬ್ಬರ ಹಾಕುತ್ತಿದ್ದರು. ಇಲ್ಲಿ ಚಿತ್ರದಲ್ಲಿ ಇಲ್ಲದ್ದನ್ನು, ಆ ಬೀಳ್ಕೊಡುಗೆಯ ಸಂಕಟವನ್ನು, ಸಂಗೀತ ಹೊತ್ತು ತಂದಿತು. ಚಿತ್ರ ಈಗಾಗಲೇ ಹೇಳಿದ್ದನ್ನು ಸಂಗೀತವೂ ಹೇಳಿದರೆ ಅದು ವ್ಯರ್ಥ. ನಿಮ್ಮ ಜೀಪು ಅಜ್ಜನ ಕಾಲದಲ್ಲಿ ಹೆರಿಗೆಗೆ ಹೊರಟವರನ್ನೂ ಮಂಗಳೂರಿಗೆ ಸಾಗಿಸಿದ್ದು ಎಂದು ವೀಡಿಯೊದಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಸಂಗೀತ ಬರಬೇಕಾದದ್ದು ಆ ವಾಕ್ಯ ಮುಗಿದ ಮೇಲಿನ ಮೌನದಲ್ಲಿ, ಖಾಲಿ ಹಿಂದಿನ ಸೀಟಿನ ಶಾಟಿನ ಮೇಲೆ.

ಹಕ್ಕಿನ ತಕರಾರು ನಿಮಗೆ ಬಂದದ್ದು, ಅವರಿಗೆ ಬಾರದ್ದು ಯಾಕೆ ಎಂದರೆ, ಬ್ರಿಟನ್ನಿನ ಪ್ರಸಾರ ಸಂಸ್ಥೆಗಳು ಸಂಗೀತದ ಹಕ್ಕುಗಳನ್ನು ನೋಡಿಕೊಳ್ಳುವ ಸಂಘಗಳ ಜೊತೆ ಸಗಟು ಒಪ್ಪಂದ ಮಾಡಿಕೊಂಡಿರುತ್ತವೆ. ಅದರ ಬಲದಿಂದ ಅವರು ಹೆಸರಾದ ಹಾಡುಗಳನ್ನು ಧಾರಾಳವಾಗಿ ಬಳಸಿದರು. ಆ ಒಪ್ಪಂದ ಹೊರದೇಶಕ್ಕೂ ಡಿವಿಡಿಗೂ ಹಾಗೆಯೇ ಅನ್ವಯಿಸದ ಕಾರಣ ಅಲ್ಲೆಲ್ಲ ಎಷ್ಟೋ ಕಡೆ ಸಂಗೀತ ಬದಲಾಗಿದೆ. ನೀವು ಯೂಟ್ಯೂಬಿನ ಆಡಿಯೊ ಲೈಬ್ರರಿಯಿಂದ ಆರಿಸಿಕೊಳ್ಳಬಹುದು. ಅದಕ್ಕಿಂತ ಒಳ್ಳೆಯದು ನಿಮ್ಮೂರಿನಲ್ಲೇ ಮದ್ದಳೆಯೋ ಕೊಳಲೋ ಬಲ್ಲವರನ್ನು ಕೂರಿಸಿ, ಎಡಿಟ್ ಮಾಡಿದ ಚಿತ್ರ ತೋರಿಸಿ, ಹತ್ತು ನಿಮಿಷ ನುಡಿಸಲು ಹೇಳಿ ಮುದ್ರಿಸಿಕೊಳ್ಳುವುದು. ಸಂಭಾವನೆ ಕೊಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಳೆಯ ಪ್ರಸಂಗದ ಪದ್ಯಕ್ಕೆ ಒಡೆಯರಿಲ್ಲದಿರಬಹುದು, ಆದರೆ ಅದನ್ನು ಹಾಡಿ ಮುದ್ರಿಸಿದ ಕ್ಯಾಸೆಟ್ಟಿಗೆ, ಸೀಡಿಗೆ ಇರುತ್ತಾರೆ. ಅದನ್ನು ಎತ್ತಿ ಹಾಕಬೇಡಿ.

ನಿಮ್ಮ 40,000ಕ್ಕೆ ಬಂದರೆ, ಫೋನಿಗೆ ಸಿಕ್ಕಿಸುವ ಎನ್‌ಡಿ ಫಿಲ್ಟರುಗಳು ಮತ್ತು ಒಂದು ಪೋಲರೈಸರ್, ಗಾಳಿಗವಚದ ಜೊತೆ ಒಂದು ಚಿಕ್ಕ ರೆಕಾರ್ಡರು, ಗಟ್ಟಿಯಾದ ಒಂದು ಹೀರುಬಟ್ಟಲಿನ ಮೌಂಟು, ನೀರು ತಾಗದಂತೆ ಫೋನಿಗೊಂದು ಕವಚ. ಇಷ್ಟನ್ನು ಕೊಂಡ ಮೇಲೂ ಕೈಯಲ್ಲಿ ಹಣ ಉಳಿಯಬೇಕು, ಅದು ಡೀಸೆಲಿಗೂ ಮದ್ದಳೆಯವರ ಸಂಭಾವನೆಗೂ ಇರಲಿ. ಕುಲುಕಾಟ ತಡೆಯುವ ಗಿಂಬಲ್ ಬೇಡ. ನಿಮ್ಮ ಜೀಪು ಕುಲುಕುವ ಗಾಡಿ, ಅದು ಕುಲುಕುವುದು ಕಾಣಲಿ. ಇವನ್ನೆಲ್ಲ ತರಿಸುವ ಮೊದಲು ಈಗಿರುವ ಫೂಟೇಜಿನಿಂದ ಆ ಕೊನೆಯ ಚಡಾವನ್ನು ಮಾತ್ರ, ಹಾಡಿಲ್ಲದೆ, ಒಮ್ಮೆ ಹೊಸದಾಗಿ ಕತ್ತರಿಸಿ ಕಳಿಸಿ. ಗೇರಿನ ಮೇಲಿನ ಆ ಕೈಯ ಶಾಟು ಅದರಲ್ಲಿ ಇರಲೇಬೇಕು.